ಮೈಸೂರಿನ ಅರಮನೆ

1897ನೆಯ ಇಸವಿಯ ಫೆಬ್ರುವರಿ ತಿಂಗಳಲ್ಲಿ ಮೈಸೂರಿನ ಅರಮನೆಯಲ್ಲಿ ವಿವಾಹಮಹೋತ್ಸವವು ನಡೆದಿತ್ತು. ದಿವಂಗತ ಚಾಮರಾಜೇಂದ್ರ ಒಡೆಯರವರ ಜ್ಯೇಷ್ಠಪುತ್ರಿ ಜಯಲಕ್ಷ್ಮಮ್ಮಣ್ಣಿಯವರಿಗೂ ಅವರ ಸೋದರಮಾವಂದಿರಾದ ಕಾಂತರಾಜ ಅರಸಿನವರಿಗೂ ಲಗ್ನ. ಆ ಸಂಭ್ರಮದ ನಡುವೆಯೇ ಬೆಂಕಿಯೆದ್ದು, ಮರದ ಕೆತ್ತನೆಗೆ ಹೆಸರಾಂತಿದ್ದ ಅರಮನೆಯ ಬಹುಭಾಗವು ಬೂದಿಯಾಯಿತು. ಮಹಾರಾಜರು ಕಲ್ಕತ್ತೆಯಲ್ಲಿ ಸ್ವರ್ಗಸ್ಥರಾಗಿ ಆಗ್ಗೆ ಎರಡು ವರ್ಷ ಕಳೆದಿತ್ತಷ್ಟೆ. ಪಟ್ಟದ ದೊರೆ ನಾಲ್ವಡಿ ಕೃಷ್ಣರಾಜರು ಹನ್ನೆರಡು ವರ್ಷದ ಬಾಲಕರು. ರಾಜ್ಯಭಾರವೆಲ್ಲವೂ ರಾಜಮಾತೆ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರದಾಗಿತ್ತು.

ಅಂದು ಉರಿದುಹೋದ ಕಟ್ಟಡವು ಬಹು ಪುರಾತನವಾದುದೆಂದು ಅನೇಕರು ಭಾವಿಸುವುದುಂಟು; ವಸ್ತುಸ್ಥಿತಿ ಹಾಗಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಹಳೆಯ ಮೈಸೂರು ಊರು ಕೋಟೆಗಳನ್ನು ಕೆಡವಿ, ಪೂರ್ವದ ದಿಣ್ಣೆಯ ಮೇಲೆ ನಜರಬಾದೆಂಬ ಹೊಸ ಪಟ್ಟಣವನ್ನು ಕಟ್ಟಲು ಆ ಕಲ್ಲುಗಳನ್ನೇ ಸಾಗಿಸಲಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಅದೇ ಕಲ್ಲುಗಳು ಮರಳಿ ಮೈಸೂರಿಗೆ ಬಂದವು. ಆ ವರ್ಷ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟ ಕಟ್ಟುವುದಕ್ಕೆ ಯೋಗ್ಯವಾದೊಂದು ಅರಮನೆಯೂ ಇರಲಿಲ್ಲ. ಚಪ್ಪರದ ಕೆಳಗೆ ಪಟ್ಟಾಭಿಷೇಕವಾಯಿತು. ಬಳಿಕ ತ್ವರೆಯಿಂದ ಎದ್ದು 1803ರಲ್ಲಿ ಮುಗಿದುದೇ ಆ ಮರದ ಅರಮನೆ. ಅದರ ಮುಂಭಾಗವನ್ನು ವಿಚಿತ್ರವಾಗಿ ಕೆತ್ತಿ ಬಣ್ಣವಿಟ್ಟ ನಾಲ್ಕು ಮರದ ಕಂಬಗಳು ಹೊತ್ತಿದ್ದವು. ಅಲ್ಲಿಯ ಸಜ್ಜೆಯೆಂಬ ತೆರೆದ ಸಭಾಂಗಣದಲ್ಲಿ, ದಸರೆಯ ದಿನಗಳಲ್ಲಿ, ದೊರೆಗಳು ಸಿಂಹಾಸನಾರೂಢರಾಗಿ ಪ್ರಜೆಗಳಿಗೆ ದರ್ಶನವೀಯುತ್ತಿದ್ದರು. ಆ ಅರಮನೆಯ ಆಯುಸ್ಸು ತೊಂಬತ್ತನಾಲ್ಕು ವರ್ಷ ಮಾತ್ರ.

ಅಗ್ನಿಯ ಅನಂತರ ರಾಜಕುಟುಂಬವು ಜಗನ್ಮೋಹನ ಬಂಗಲೆಗೆ ತೆರಳಿತು. ಆದರೆ ರಾಜಮಾತೆಯವರು ವಿಳಂಬಿಸಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿಯೇ ಹೊಸ ಅರಮನೆಯ ಕೆಲಸವು ಪ್ರಾರಂಭವಾಯಿತು. ಶಿಮ್ಲೆಯ ವೈಸರಾಯರ ನಿವಾಸವನ್ನು ಕಟ್ಟಿಸಿದ್ದ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ನಕ್ಷೆಯ ಕಾರ್ಯವನ್ನು ವಹಿಸಲಾಯಿತು. ಮರುವರ್ಷವೇ ಪ್ಲೇಗುಮಾರಿಯು ಸಂಸ್ಥಾನವನ್ನು ಹೊಕ್ಕಿತು. ಆದರೂ ಕೆಲಸವು ಸಾಗಿ 1912ರಲ್ಲಿ ಮುಗಿಯಿತು. ತಗುಲಿದ ವೆಚ್ಚ 41,47,913 ರೂಪಾಯಿ. ಆ ಕಾಲಕ್ಕೆ ಇದು ಅಲ್ಪವಾದ ಮೊತ್ತವಲ್ಲ. ಮಾರಿಯ ದಿನಗಳಲ್ಲಿ ಇಷ್ಟು ದ್ರವ್ಯವನ್ನು ಒಂದು ಮನೆಗೆ ಸುರಿಯುವುದು ಯುಕ್ತವೇ ಎಂಬ ಪ್ರಶ್ನೆಯು ಇಂದಿನ ಓದುಗನಿಗೆ ಹುಟ್ಟಿದರೆ ಅದು ಅನುಚಿತವೂ ಅಲ್ಲ. ಆದರೆ ಅರಸು ಬಾಲಕನಾಗಿ, ಹಿರಿಯರ ಮನೆ ಸುಟ್ಟು ನಿಂತಿದ್ದಾಗ, ಆ ನಿವೇಶನವನ್ನು ಬರಿದಾಗಿ ಬಿಟ್ಟಿದ್ದರೆ ಪ್ರಜೆಗಳು ಅದನ್ನು ಹೇಗೆ ಕಾಣುತ್ತಿದ್ದರೆಂಬುದನ್ನೂ ಎಣಿಸಬೇಕು.

ಬೆಂಕಿಯು ಕಲಿಸಿದ ಪಾಠವು ಈ ಕಟ್ಟಡದ ಮೈಯಲ್ಲೆಲ್ಲ ಹರಡಿದೆ. ಹಿಂದೆ ಮರವಿದ್ದ ಎಡೆಗೆ ಕಲ್ಲೂ ಕಬ್ಬಿಣವೂ ಬಂದಿವೆ. ಮೂರು ಅಂತಸ್ತಿನ ಈ ಸೌಧದ ಉದ್ದ 245 ಅಡಿ, ಅಗಲ 156 ಅಡಿ. ಭಿತ್ತಿಗಳು ಬೂದುಬಣ್ಣದ ಕಗ್ಗಲ್ಲಿನವು, ಗುಮ್ಮಟಗಳು ಕೆಂಪುಛಾಯೆಯವು, ನಡುಗೋಪುರವು 145 ಅಡಿ ಮೇಲೇರಿ ಹೊಂಬಣ್ಣದ ಗುಮ್ಮಟದಲ್ಲಿ ಮುಗಿಯುತ್ತದೆ. ಕಮಾನುಗಳ ಸಾಲಿನ ನಡುವೆ, ಮೇಲುಗಡೆ, ಗಜಲಕ್ಷ್ಮಿ. ಹಿಂದೂ, ಮುಸಲ್ಮಾನ, ರಜಪೂತ, ಐರೋಪ್ಯ ಶೈಲಿಗಳೆಲ್ಲ ಇಲ್ಲಿ ಕಲೆತಿವೆ. ಹೊರಗಿನ ಗುಮ್ಮಟಗಳನ್ನಷ್ಟೇ ನೋಡಿದವನಿಗೆ ಇದು ಕನ್ನಡನಾಡಿನದೆಂದು ಒಡನೆ ತೋರದೆ ಇರಬಹುದು. ಒಳಹೊಕ್ಕರೆ ಭಾವನೆ ಬೇರೆಯಾಗುತ್ತದೆ. ಅಲ್ಲಿ ಗೊಂಬೆತೊಟ್ಟಿ, ಅಂಬಾವಿಲಾಸ, ಕಲ್ಯಾಣಮಂಟಪ ಎಂಬ ಹೆಸರುಗಳು. ನಡುವೆ ಬಯಲನ್ನು ಬಿಟ್ಟು ಸುತ್ತಲೂ ವಾಸದ ಕೋಣೆಗಳನ್ನಿಡುವ ನಮ್ಮ ತೊಟ್ಟಿಮನೆಯ ಕ್ರಮವೇ. ಮರವನ್ನು ಸಂಪೂರ್ಣವಾಗಿ ತ್ಯಜಿಸಿಲ್ಲ: ಅಂಬಾವಿಲಾಸದ ಬೀಟೆಮರದ ಬಾಗಿಲಲ್ಲಿ ದಂತವನ್ನು ಕೂಡಿಸಿದ ಮೈಸೂರಿನ ಕುಶಲಿಗಳ ಕೈಗಾರಿಕೆಯು, ಪರದೇಶದಿಂದ ಬಂದ ವಸ್ತುಗಳೆದುರಿಗೆ ತಲೆತಗ್ಗಿಸುವಂತಹದಲ್ಲ.

ಎಲ್ಲಕ್ಕಿಂತ ವಿಶೇಷವಾದುದು ಕಲ್ಯಾಣಮಂಟಪ. ಮದುವೆಯ ಕಾಲದಲ್ಲಿ ಮನೆಯನ್ನು ಕಳೆದುಕೊಂಡ ವಂಶದವರು ಮುಂದಿನ ಮದುವೆಗಳಿಗಾಗಿ ಕಟ್ಟಿಸಿದ ಈ ಎಂಟುಮೂಲೆಯ ಮಂಟಪದಲ್ಲಿ ಕಂಬಗಳು ಎರಕದ ಕಬ್ಬಿಣದವು. ಮಾಡು ಬಣ್ಣದ ಗಾಜಿನದು. ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫರ್ಲೇನನ ಕಾರ್ಖಾನೆಯಲ್ಲಿ ಸಿದ್ಧವಾಗಿ ಹಡಗೇರಿ ಬಂದವು. ಗಾಜಿನಲ್ಲಿ ಮಾತ್ರ ನವಿಲುಗಳೂ ಹೂಬಳ್ಳಿಗಳೂ ಹರಡಿವೆ. ಹೊತ್ತೇರಿದಂತೆ ಆ ಬಣ್ಣಗಳು ನೆಲದ ಮೇಲೆ ಇಳಿಯುವುದನ್ನು ನೋಡುವ ಸಲುವಾಗಿಯೇ ಬೆಳಗಿನಲ್ಲಿ ಹೋಗತಕ್ಕದ್ದು.

ಇದೇ ಮಂಟಪದ ಗೋಡೆಗಳನ್ನು ಸುತ್ತಿಬಂದರೆ ದಸರಾ ಮೆರವಣಿಗೆಯ 26 ಚಿತ್ರಗಳು ಕಾಣುತ್ತವೆ. 1934ರಿಂದ 1945ರವರೆಗೆ ಸಂಸ್ಥಾನದ ಚಿತ್ರಕಾರರು ಇವುಗಳನ್ನು ಬರೆದರು. ಆನೆ, ಕುದುರೆ, ದಂಡು, ವಾದ್ಯದವರು, ಬೀದಿಯ ಜನ, ಎಲ್ಲವೂ ಕಂಡದ್ದನ್ನು ಕಂಡಂತೆಯೇ. ಮುಖಗಳು ಸಹ ಆ ಕಾಲದವರವು. ಚಿನ್ನದ ಅಂಬಾರಿಯಲ್ಲಿ ಈಗ ವಿಜಯದಶಮಿಯಂದು ಚಾಮುಂಡೇಶ್ವರಿಯು ಬಿಜಯಂಗೈಯುತ್ತಾಳೆ; ಮಹಾರಾಜರು ಅದರಲ್ಲಿ ಕುಳಿತು ಬನ್ನಿಮಂಟಪಕ್ಕೆ ತೆರಳುತ್ತಿದ್ದ ವೈಭವವನ್ನು ಬಣ್ಣದಲ್ಲಿ ನೋಡಬೇಕೆನ್ನುವವರು ಈ ಗೋಡೆಗಳ ಬಳಿಗೇ ಬರಬೇಕು.