ಬಿಯಾಫ್ರ ಯುದ್ಧದಲ್ಲಿ ಅನ್ನದ ದಾರಿ

ನೈಜೀರಿಯದ ಅಂತರ್ಯುದ್ಧವನ್ನು (1967–70) ಕುರಿತು ಬರೆದವರು ಸಾಮಾನ್ಯವಾಗಿ ಎಣ್ಣೆಯ ನಿಕ್ಷೇಪಗಳನ್ನೂ ಜನಾಂಗ ವೈಷಮ್ಯವನ್ನೂ ಚರ್ಚಿಸಿ ವಿರಮಿಸುತ್ತಾರೆ. ಪ್ರಕೃತ ನಾವು ಎತ್ತಿಕೊಂಡಿರುವುದು ಮೇಲುನೋಟಕ್ಕೆ ಸಣ್ಣದಾಗಿ ಕಾಣುವ ವಿವಾದ: ಹಸಿದವರಿಗೆ ಅನ್ನವು ಯಾವ ದಾರಿಯಿಂದ ಹೋಗಬೇಕು ಎಂಬುದು.

1967ರ ಮೇ 30ರಂದು ಪೂರ್ವ ಪ್ರಾಂತ್ಯವು ಓಜುಕ್ವು ಅವರ ನಾಯಕತ್ವದಲ್ಲಿ ಬಿಯಾಫ್ರ ಎಂಬ ಹೆಸರಿನಿಂದ ಸ್ವಾತಂತ್ರ್ಯವನ್ನು ಸಾರಿತು. ಜುಲೈಯಲ್ಲಿ ಯುದ್ಧ ಮೊದಲಾಯಿತು. 1968ರ ಮೇ ತಿಂಗಳಲ್ಲಿ ಪೋರ್ಟ್ ಹಾರ್ಕೋರ್ಟ್ ಬಂದರು ಫೆಡರಲ್ ಸೇನೆಯ ವಶವಾದಮೇಲೆ ಬಿಯಾಫ್ರಕ್ಕೆ ಸಮುದ್ರದ ಸಂಪರ್ಕ ಕಡಿದುಹೋಯಿತು. ಆ ನಾಡಿನಲ್ಲಿ ಗೆಡ್ಡೆಗೆಣಸುಗಳಿಗೆ ಕೊರತೆಯಿರಲಿಲ್ಲ. ಆದರೆ ಮಾಂಸ, ಒಣಮೀನುಗಳು ಬಹುಮಟ್ಟಿಗೆ ಹೊರಗಿನಿಂದಲೇ ಬರಬೇಕಾಗಿತ್ತು. ಆದಕಾರಣ ಸಸಾರಜನಕದ ಅಭಾವದಿಂದ ಮಕ್ಕಳ ಕಾಲು ಬಾತು, ಕೂದಲು ಕೆಂಚಾಗಿ, ಕ್ವಾಷಿಯೋರ್ಕರ್ ಎಂಬ ವ್ಯಾಧಿ ಹಬ್ಬಿತು.

ಲಾಗೋಸಿನ ಸರಕಾರ ನೆಲದ ದಾರಿಯನ್ನು ಸೂಚಿಸಿತು. ಆ ದಾರಿಯಲ್ಲಿ ಸೈನ್ಯ ಬಂದೀತು, ಆಹಾರದಲ್ಲಿ ವಿಷವಿದ್ದೀತು ಎಂದು ಬಿಯಾಫ್ರ ನಿರಾಕರಿಸಿತು. ಉಳಿದದ್ದು ಉಲಿ ಎಂಬಲ್ಲಿ ರಸ್ತೆಯನ್ನೇ ಅಗಲಿಸಿ ಮಾಡಿದ್ದ ವಿಮಾನಪಥವೊಂದೇ. ಸಾವೊ ಟೊಮೆ, ಫರ್ನಾಂಡೊ ಪೊ ದ್ವೀಪಗಳಿಂದ ಚರ್ಚುಗಳ ಒಕ್ಕೂಟವೂ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯೂ ರಾತ್ರಿಯ ಕತ್ತಲೆಯಲ್ಲಿ ಅಲ್ಲಿಗೆ ಆಹಾರವನ್ನು ಸಾಗಿಸಿದವು. ಅದೇ ಕತ್ತಲೆಯಲ್ಲಿ, ಅದೇ ಪಥದಲ್ಲಿ, ಮದ್ದುಗುಂಡಿನ ವಿಮಾನಗಳೂ ಇಳಿಯುತ್ತಿದ್ದವು. ತೊಡಕೆಲ್ಲ ಇರುವುದು ಇಲ್ಲಿಯೇ. 1969ರ ಜೂನ್ 5ರಂದು ಫೆಡರಲ್ ವಾಯುಪಡೆಯು ರೆಡ್ ಕ್ರಾಸಿನ ವಿಮಾನವೊಂದನ್ನು ಹೊಡೆದುರುಳಿಸಿತು. ಸಮಿತಿ ತನ್ನ ಹಾರಾಟವನ್ನು ನಿಲ್ಲಿಸಿತು. ಅದೇ ಸೆಪ್ಟೆಂಬರಿನಲ್ಲಿ, ತಪಾಸಣೆಗೆ ಒಳಪಟ್ಟ ಹಗಲು ಹಾರಾಟಕ್ಕೆ ಲಾಗೋಸ್ ಸಮ್ಮತಿಸಿತು. ಈ ಸಾರಿ ಬೇಡವೆಂದದ್ದು ಬಿಯಾಫ್ರ: ಹಗಲಿನಲ್ಲಿ ಪಥ ತೆರೆದರೆ ಶತ್ರುವಿಗೂ ತೆರೆದಂತೆ ಎಂಬುದು ಅದರ ವಾದ.

ಮೊದಲ ಹೊಣೆ ಮುತ್ತಿಗೆ ಹಾಕಿದವರದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಹಸಿವೂ ಯುದ್ಧದ ಆಯುಧವೇ ಎಂದು ಲಾಗೋಸಿನ ಕೆಲವು ಮುಖಂಡರು ಬಹಿರಂಗವಾಗಿಯೇ ಸಮರ್ಥಿಸಿದ್ದರು. ಆದರೆ ತನ್ನ ಜನರ ಹಸಿವನ್ನು ಜಿನೀವಾದ ಪ್ರಚಾರಸಂಸ್ಥೆಯೊಂದರ ಮೂಲಕ ಜಗತ್ತಿಗೆಲ್ಲ ಸಾರಿಸಿ, ಹಗಲಿನ ಅನ್ನವನ್ನು ತಡೆದ ಸರಕಾರವನ್ನು ನಿರ್ದೋಷಿಯೆನ್ನುವುದು ಹೇಗೆ? ರೊಟ್ಟಿಗೂ ರಾಜ್ಯದ ಸಾರ್ವಭೌಮತ್ವಕ್ಕೂ ಗಂಟುಬಿದ್ದಾಗ ಸತ್ತವರು ಮಕ್ಕಳು. ಒಟ್ಟು ಸಾವಿನ ಅಂದಾಜುಗಳು 5 ಲಕ್ಷದಿಂದ 30 ಲಕ್ಷದವರೆಗೆ ಹೊಯ್ದಾಡುತ್ತವೆ.

1970ರ ಜನವರಿಯಲ್ಲಿ ಬಿಯಾಫ್ರ ಶರಣಾದಮೇಲೆ ಅನೇಕರು ಅಂಜಿದ್ದ ಕುಲನಾಶ ನಡೆಯಲಿಲ್ಲ. ಇಲ್ಲಿ ದುಡಿದು ರೆಡ್ ಕ್ರಾಸಿನ ಮೌನಕ್ಕೆ ಬೇಸತ್ತ ಫ್ರೆಂಚ್ ವೈದ್ಯರಲ್ಲಿ ಕೆಲವರು 1971ರಲ್ಲಿ ‘ಗಡಿಗಳಿಲ್ಲದ ವೈದ್ಯರು’ ಎಂಬ ಸಂಸ್ಥೆಯ ಸ್ಥಾಪನೆಯಲ್ಲಿ ಪಾಲ್ಗೊಂಡರು. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಎರಡನೆಯ ಪೂರಕ ಒಡಂಬಡಿಕೆಯ 14ನೆಯ ವಿಧಿಯು, ಅಂತರ್ಯುದ್ಧದಲ್ಲಿ ನಾಗರಿಕರನ್ನು ಉಪವಾಸ ಕೆಡವುವ ಯುದ್ಧವಿಧಾನವನ್ನು ನಿಷೇಧಿಸಿತು. ಹೊರಗಿನಿಂದ ಬರುವ ನೆರವಿಗೆ ಆ ರಾಜ್ಯದ ಒಪ್ಪಿಗೆ ಬೇಕೆಂಬ ಮಾತು ಅದೇ ಒಡಂಬಡಿಕೆಯ 18ನೆಯ ವಿಧಿಯಲ್ಲಿದೆ.