ಲಿಫ್ಟ್ ಕಿಟ್ ಹಾಕಿಸಿದ ಮೇಲೆ ಜೀಪ್ ನಡುಗುತ್ತಿದೆಯೇ? "ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ" ಅನ್ನೋದು ನಿಜವಲ್ಲ

"ಲಿಫ್ಟ್ ಮಾಡಿಸಿದ ಮೇಲೆ ಸ್ವಲ್ಪ ವೈಬ್ರೇಷನ್ ಇರೋದು ಸಹಜ, ಐನೂರು ಕಿಲೋಮೀಟರ್ ಓಡಿದ ಮೇಲೆ ಸೆಟ್ ಆಗುತ್ತೆ." ಥಾರ್, ಜಿಪ್ಸಿ, ಹಳೇ ಜೀಪ್ ಇಟ್ಟುಕೊಂಡವರ ವಾಟ್ಸ್ಯಾಪ್ ಗುಂಪುಗಳಲ್ಲಿ ಇಂಥ ಮಾತು ನೀವೂ ನೋಡಿರಬಹುದು. ಇನ್ನೊಂದು ಸಲಹೆ, "ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ, ಹೋಗುತ್ತೆ". ಎರಡನೆಯದು ಕೆಲವೊಮ್ಮೆ ಸರಿ. ಮೊದಲನೆಯದು ಮಾತ್ರ ತಪ್ಪು, ಅಪಾಯವೂ ಹೌದು. ಹೊಸ ಸ್ಪ್ರಿಂಗ್ ಒಂದಿಷ್ಟು ಕುಗ್ಗಬಹುದು, ಆದರೆ ಕೆಟ್ಟ ಕೋನದಲ್ಲಿ ತಿರುಗುವ ಶಾಫ್ಟ್ ತಾನಾಗಿ ನೆಟ್ಟಗಾಗುವುದಿಲ್ಲ.

ನಡುಕ ಎಲ್ಲಿಂದ ಬರುತ್ತದೆ?

ಗೇರ್‌ಬಾಕ್ಸ್‌ನಿಂದ (4x4 ಆದರೆ ಟ್ರಾನ್ಸ್‌ಫರ್ ಕೇಸ್‌ನಿಂದ) ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದನೆಯ ಪೈಪೇ ಪ್ರೊಪೆಲ್ಲರ್ ಶಾಫ್ಟ್. ಅದರ ಎರಡೂ ತುದಿಯಲ್ಲಿ ಗ್ಯಾರೇಜಿನವರು "ಕ್ರಾಸ್" ಎನ್ನುವ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಗಾಡಿ ಎದ್ದು ಬಿದ್ದು ಓಡುವಾಗ ಶಾಫ್ಟ್ ಓರೆಯಾಗಿಯೂ ತಿರುಗಲು ಸಾಧ್ಯವಾಗುವುದು ಇದರಿಂದಲೇ.

ಈ ಕ್ರಾಸ್‌ಗೆ ಒಂದು ಹುಟ್ಟುಗುಣವಿದೆ. ಓರೆಯಾಗಿ ತಿರುಗುವಾಗ, ಒಂದು ಬದಿ ಒಂದೇ ವೇಗದಲ್ಲಿದ್ದರೂ ಇನ್ನೊಂದು ಬದಿ ಪ್ರತಿ ಸುತ್ತಿನಲ್ಲಿ ಎರಡು ಸಲ ಚುರುಕಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಇದನ್ನು 17ನೇ ಶತಮಾನದಲ್ಲೇ, ಮೋಟಾರು ಗಾಡಿಗಳ ಕಲ್ಪನೆಯೂ ಇಲ್ಲದಾಗ ವಿವರಿಸಿದ್ದರು. ಕೋನ 3 ಡಿಗ್ರಿ ಇದ್ದರೆ ಈ ಏರಿಳಿತ ಶೇ. 0.14ರಷ್ಟು ಮಾತ್ರ, ಗೊತ್ತೇ ಆಗುವುದಿಲ್ಲ. 15 ಡಿಗ್ರಿ ಆದರೆ ಸುಮಾರು ಶೇ. 3.5. ಅಂದರೆ ಕೋನ ಐದು ಪಟ್ಟು ಹೆಚ್ಚಿದರೆ ಏರಿಳಿತ ಇಪ್ಪತ್ತೈದು ಪಟ್ಟು.

ಹಾಗಾದರೆ ಕಂಪನಿ ಗಾಡಿಗಳು ಏಕೆ ನಡುಗುವುದಿಲ್ಲ? ಅಲ್ಲಿ ಕೋನ ಕಡಿಮೆ ಇರುತ್ತದೆ. ಜೊತೆಗೆ ಎರಡೂ ತುದಿಯ ಕೋನ ಸಮನಾಗಿರುವಂತೆ, ಟ್ರಾನ್ಸ್‌ಫರ್ ಕೇಸ್‌ನ ಮುಖ ಮತ್ತು ಆಕ್ಸಲ್‌ನ ಪಿನಿಯನ್ ಒಂದಕ್ಕೊಂದು ಸಮಾನಾಂತರವಾಗಿರುವಂತೆ ಕೂರಿಸಿರುತ್ತಾರೆ. ಮುಂದಿನ ಕ್ರಾಸ್ ಎಬ್ಬಿಸಿದ ಏರಿಳಿತವನ್ನು ಹಿಂದಿನದು ಅಳಿಸಿಹಾಕುತ್ತದೆ.

ಲಿಫ್ಟ್ ಮಾಡಿದಾಗ ಈ ಲೆಕ್ಕ ಕೆಡುತ್ತದೆ. ಚಾಸಿ ಮೇಲೇರುತ್ತದೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. 120 ಸೆಂ.ಮೀ. ಉದ್ದದ ಶಾಫ್ಟ್ ಇರುವ ಗಾಡಿಯನ್ನು 5 ಸೆಂ.ಮೀ. ಎತ್ತಿದರೆ ಕೋನ ಸುಮಾರು ಎರಡೂವರೆ ಡಿಗ್ರಿ ಹೆಚ್ಚುತ್ತದೆ. ಶಾಫ್ಟ್ 50 ಸೆಂ.ಮೀ. ಇದ್ದರೆ ಅದೇ ಎತ್ತರಕ್ಕೆ ಸುಮಾರು 6 ಡಿಗ್ರಿ. ಗಿಡ್ಡ ಜೀಪುಗಳಿಗೇ ಈ ಕಾಟ ಜಾಸ್ತಿ ಇರುವುದು ಇದಕ್ಕೇ. ಕಾಯಿಲ್ ಸ್ಪ್ರಿಂಗ್ ಗಾಡಿಗಳಲ್ಲಿ ಇನ್ನೊಂದು ತೊಂದರೆ. ಕಂಟ್ರೋಲ್ ಆರ್ಮ್‌ಗಳ ಉದ್ದ ಬದಲಾಗದ್ದರಿಂದ ಆಕ್ಸಲ್ ಕೊಂಚ ತಿರುಗಿ, ಪಿನಿಯನ್‌ನ ಮುಖವೇ ಬೇರೆ ಕಡೆಗೆ ವಾಲುತ್ತದೆ.

ದೊಡ್ಡ ಟೈರ್ ಹಾಕುವುದರಿಂದ ಮಾತ್ರ ಈ ಕೋನ ಬದಲಾಗುವುದಿಲ್ಲ, ಚಾಸಿ ಆಕ್ಸಲ್ ಎರಡೂ ಒಟ್ಟಿಗೇ ಏರುತ್ತವೆ. ಎಷ್ಟೋ ಜನ ಇದನ್ನು ಗೊಂದಲ ಮಾಡಿಕೊಳ್ಳುತ್ತಾರೆ.

ಟೈರೋ, ಶಾಫ್ಟೋ?

ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 80 ಕಿ.ಮೀ. ವೇಗದಲ್ಲಿ 30 ಇಂಚಿನ ಟೈರ್ ಸೆಕೆಂಡಿಗೆ ಸುಮಾರು 9 ಸುತ್ತು ತಿರುಗುತ್ತದೆ. ಆಕ್ಸಲ್‌ನ ಗೇರ್ ಅನುಪಾತ 4 ಇದ್ದರೆ ಶಾಫ್ಟ್ ಸುಮಾರು 37 ಸುತ್ತು. ಕೋನದ ನಡುಕ ಸುತ್ತಿಗೆ ಎರಡು, ಅಂದರೆ ಸೆಕೆಂಡಿಗೆ 74. ಆದ್ದರಿಂದ ಟೈರ್ ದೋಷ ಸ್ಟೀರಿಂಗ್ ಅಥವಾ ಸೀಟು ಅದುರಿದಂತೆ ದಡದಡ ಅನಿಸುತ್ತದೆ. ಕೋನದ ದೋಷ ಕಾಲಡಿಯ ನೆಲದಲ್ಲಿ "ಗುಂಯ್" ಎಂಬ ಜುಮುಗುಟ್ಟುವಿಕೆ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಅದು ಬದಲಾದರೆ ಅನುಮಾನ ಶಾಫ್ಟ್ ಮೇಲೆ. ಗಾಡಿ ನಿಂತಿರುವಾಗ ನ್ಯೂಟ್ರಲ್‌ನಲ್ಲಿ ಎಂಜಿನ್ ರೈಸ್ ಮಾಡಿದರೂ ಅದೇ ನಡುಕ ಬಂದರೆ, ತಪ್ಪು ಶಾಫ್ಟ್‌ನದ್ದಲ್ಲ, ಎಂಜಿನ್ ಮೌಂಟಿಂಗ್ ನೋಡಿಸಿ.

ಅಳೆಯಲು ನಿಮ್ಮ ಫೋನೇ ಸಾಕು

ಡಿಗ್ರಿ ತೋರಿಸುವ ಲೆವೆಲ್ ಆಪ್ ಇದ್ದರೆ ಆಯಿತು. ಫೋನಿನ ಕವರ್ ತೆಗೆಯಿರಿ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಡಿ. ಗಾಡಿಯ ಭಾರ ಚಕ್ರಗಳ ಮೇಲೇ ಇರಬೇಕು. ಜಾಕ್ ಕೊಟ್ಟು ಆಕ್ಸಲ್ ಜೋತುಬಿದ್ದರೆ ಅಳತೆ ಸುಳ್ಳಾಗುತ್ತದೆ. ಟ್ರಾನ್ಸ್‌ಫರ್ ಕೇಸ್‌ನ ಔಟ್‌ಪುಟ್, ಶಾಫ್ಟ್, ಪಿನಿಯನ್ ಮೂರರ ಓರೆಯನ್ನೂ ಬರೆದುಕೊಳ್ಳಿ. ಅಕ್ಕಪಕ್ಕದ ಎರಡರ ವ್ಯತ್ಯಾಸವೇ ಆ ಕ್ರಾಸ್‌ನ ಕೋನ. ಎರಡೂ ಕೋನ ಒಂದು ಡಿಗ್ರಿಯೊಳಗೆ ಸಮನಾಗಿರಬೇಕು, ಸಾಧ್ಯವಾದಷ್ಟು 3 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಪೂರ್ತಿ ಸೊನ್ನೆಯೂ ಒಳ್ಳೆಯದಲ್ಲ. ಕ್ರಾಸ್‌ನೊಳಗಿನ ಸೂಜಿ ಬೇರಿಂಗುಗಳು ಉರುಳದೆ ಒಂದೇ ಜಾಗದಲ್ಲಿ ಸವೆಯುತ್ತವೆ.

ಪರಿಹಾರ ಏನು?

ಮೊದಲು ಖರ್ಚಿಲ್ಲದ್ದನ್ನು ನೋಡಿ. ಲಿಫ್ಟ್ ಮಾಡುವಾಗ ಶಾಫ್ಟ್ ಬಿಚ್ಚಿದ್ದರೆ, ಅದರ ಜಾರುವ ತುದಿಯನ್ನು ಒಂದೆರಡು ಹಲ್ಲು ಆಚೀಚೆ ಕೂರಿಸಿರಬಹುದು. ಆಗ ಎರಡು ಕ್ರಾಸ್‌ಗಳ ತಾಳ ತಪ್ಪಿ, ಕೋನ ಸರಿಯಿದ್ದರೂ ನಡುಕ ಬರುತ್ತದೆ. ಬಿಚ್ಚುವ ಮುನ್ನ ಪೇಂಟ್ ಗುರುತು ಹಾಕುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ.

ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ (ಜಿಪ್ಸಿ, ಹಳೇ ಜೀಪ್, ಹಳೇ ಥಾರ್‌ನ ಹಿಂಬದಿ) ಪಟ್ಟೆಗೂ ಆಕ್ಸಲ್‌ಗೂ ನಡುವೆ ಓರೆ ತುಂಡು, ಅಂದರೆ ಶಿಮ್ ಕೊಟ್ಟು ಪಿನಿಯನ್ ತಿರುಗಿಸಬಹುದು. ಅಲ್ಯುಮಿನಿಯಂ ಬೇಡ, ಉಕ್ಕಿನದೇ ಇರಲಿ, ಅಲ್ಯುಮಿನಿಯಂ ಜಜ್ಜಿ ಬಿರುಕು ಬಿಡುತ್ತದೆ. ಕೆಲವು ದಿನ ಓಡಿಸಿದ ಮೇಲೆ ಯು-ಬೋಲ್ಟ್ ಮತ್ತೆ ಬಿಗಿ ಮಾಡಿಸಿ. ಕಾಯಿಲ್ ಸ್ಪ್ರಿಂಗ್ ಗಾಡಿಗೆ ಉದ್ದ ಹೊಂದಿಸಬಹುದಾದ ಕಂಟ್ರೋಲ್ ಆರ್ಮ್ ಬೇಕು. ಟೊಯೋಟಾ ಟಕೋಮಾದಂಥ ಅಮೆರಿಕದ ಪಿಕಪ್‌ಗಳಲ್ಲಿ ಶಾಫ್ಟ್ ಎರಡು ತುಂಡು. ಅಲ್ಲಿ ನಡುವಿನ ಸೆಂಟರ್ ಬೇರಿಂಗ್ ಅನ್ನು ಸ್ಪೇಸರ್ ಕೊಟ್ಟು ಸ್ವಲ್ಪ ಇಳಿಸುತ್ತಾರೆ.

ಟ್ರಾನ್ಸ್‌ಫರ್ ಕೇಸನ್ನೇ ಕೆಳಗಿಳಿಸುವ ಅಗ್ಗದ ದಾರಿಯೂ ಇದೆ. ನೆಲದಿಂದ ಎತ್ತರ ಬೇಕೆಂದು ಲಿಫ್ಟ್ ಮಾಡಿಸಿ, ಹೊಟ್ಟೆಭಾಗವನ್ನು ಮತ್ತೆ ಕೆಳಗಿಳಿಸುವುದು ನನಗಂತೂ ಹಿಡಿಸುವುದಿಲ್ಲ.

ತೀರಾ ಗಿಡ್ಡ ಶಾಫ್ಟ್ ಇದ್ದರೆ ಶಿಮ್‌ನಿಂದ ಆಗುವುದಿಲ್ಲ. 1997ರಿಂದ 2006ರವರೆಗೆ ಬಂದ ಜೀಪ್ ರ‍್ಯಾಂಗ್ಲರ್ ಟಿಜೆ ಇದಕ್ಕೆ ಹೆಸರುವಾಸಿ. ಅದರ ಟ್ರಾನ್ಸ್‌ಫರ್ ಕೇಸ್‌ನ ಉದ್ದ ಬಾಲವನ್ನು ಮೊಟಕು ಮಾಡಿ, ಉಳಿದ ಜಾಗಕ್ಕೆ ಉದ್ದನೆಯ ಶಾಫ್ಟ್ ಹಾಕುತ್ತಾರೆ. ಮೇಲ್ತುದಿಯಲ್ಲಿ ಎರಡು ಕ್ರಾಸ್ ಜೋಡಿಸಿದ ಡಬಲ್ ಕಾರ್ಡನ್ ಜಾಯಿಂಟ್ ಇರುತ್ತದೆ. ಇಂಥ ಶಾಫ್ಟ್‌ಗೆ ಸಮಾನಾಂತರದ ನಿಯಮ ಇಲ್ಲ. ಪಿನಿಯನ್ ನೇರ ಶಾಫ್ಟ್ ಕಡೆಗೇ ಮುಖ ಮಾಡಿರಬೇಕು. ಎಳೆಯುವಾಗ ಪಿನಿಯನ್ ಮೂತಿ ಎತ್ತುವುದರಿಂದ, ಒಂದೆರಡು ಡಿಗ್ರಿ ತಗ್ಗಿಸಿಯೇ ಕೂರಿಸುತ್ತಾರೆ. ಹಳೇ ನಿಯಮದ ಮೇಲೆ ಹೊಸ ಶಾಫ್ಟ್ ಹಾಕಿಸಿಕೊಂಡು "ದುಡ್ಡು ದಂಡ" ಎನ್ನುವವರ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಯಾವಾಗ ಓಡಿಸಲೇಬಾರದು?

ಗೇರ್ ಬದಲಿಸಿ ಹೊರಡುವಾಗ "ಟಕ್" ಶಬ್ದ, ಕ್ರಾಸ್‌ನ ಕಪ್ ಸುತ್ತ ಕೆಂಪು ತುಕ್ಕಿನ ಪುಡಿ, ಕೈಯಲ್ಲಿ ಅಲ್ಲಾಡಿಸಿದರೆ ಆಟ, ಪಿನಿಯನ್ ಸೀಲ್‌ನಿಂದ ಎಣ್ಣೆ ಜಿನುಗು, ಇವುಗಳಲ್ಲಿ ಒಂದು ಕಂಡರೂ ಗಾಡಿ ನಿಲ್ಲಿಸಿ. ಓಟದಲ್ಲಿ ಕ್ರಾಸ್ ಮುರಿದರೆ ಶಾಫ್ಟ್ ಕಳಚಿ ಬೀಸುತ್ತದೆ. ಇಂಧನದ ಪೈಪ್, ಬ್ರೇಕ್ ಪೈಪ್ ಅದರ ಹತ್ತಿರವೇ ಇರುತ್ತವೆ. ಮುಂದಿನ ತುದಿ ಕಳಚಿ ರಸ್ತೆಗೆ ಊರಿಕೊಂಡರೆ ಗಾಡಿಯನ್ನೇ ಎತ್ತಿಬಿಡಬಲ್ಲದು.

ಕಿಟ್ ಕೊಳ್ಳುವ ಮುನ್ನ ತಿಳಿದಿರಬೇಕಾದ ಇನ್ನೊಂದು ವಿಷಯ: ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ.