ಕಾಗದದ ಬದಲು ಬಟ್ಟೆ: ನೀರಿನ ಕೊರತೆಯ ಸೀಮೆಯಲ್ಲಿ ಶ್ರಾವಕರ ಮನೆಯ ಲೆಕ್ಕ

ಅಡುಗೆಮನೆಯಲ್ಲಿ ಟಿಶ್ಯೂ ಸುರುಳಿ, ಊಟದ ಮೇಜಿನ ಮೇಲೆ ಪೇಪರ್ ನ್ಯಾಪ್ಕಿನ್, ನಾಲ್ಕು ಜನ ಬಂದರೆ ಕಾಗದದ ಲೋಟ. ಈಚೆಗೆ ಜೈನ ಮನೆಗಳಲ್ಲೂ ಇವು ಸಾಮಾನ್ಯವಾಗಿವೆ. ಇವನ್ನು ಬಿಟ್ಟು ಬಟ್ಟೆಗೆ ಮರಳೋಣ ಎಂದರೆ ಮೊದಲ ಆಕ್ಷೇಪ ಧರ್ಮದ ಕಡೆಯಿಂದಲೇ ಬರುತ್ತದೆ. ಕಾಗದ ಎಸೆದರೆ ಮುಗಿಯಿತು, ಬಟ್ಟೆಯನ್ನು ಒಗೆಯಬೇಕು. ಒಗೆದರೆ ನೀರು ಬೇಕು, ನೀರೆಂದರೆ ಜಲಕಾಯಿಕ ಜೀವಗಳು. ಹಾಗಾದರೆ ಹಿಂಸೆ ಯಾವುದರಲ್ಲಿ ಕಡಿಮೆ?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಇದು ಬರೀ ಚರ್ಚೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ತಾಲೂಕುಗಳಿವು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಿಟ್ಟಿದ್ದ ಉಳ್ಳಾರ್ತಿ ಕಾವಲ್‌ನ ಸುತ್ತ ನಡೆದರೆ ಮರ ಅಪರೂಪ. ಹುಲ್ಲು, ಕುರುಚಲು ಗಿಡ, ಕುರಿ, ಗಾಳಿ ಇಷ್ಟೇ. ಇಂಥ ಸೀಮೆಯಲ್ಲಿ ಒಂದು ಕೊಡ ನೀರನ್ನು ಬಟ್ಟೆಗೆ ಖರ್ಚು ಮಾಡುವ ಮೊದಲು ಲೆಕ್ಕ ಕೇಳುವುದು ನ್ಯಾಯವೇ.

ಶಾಸ್ತ್ರದ ಮಾತು ಸ್ಪಷ್ಟವಿದೆ. ಶ್ರಾವಕರ ಗುಣವ್ರತಗಳಲ್ಲಿ ಅನರ್ಥದಂಡ ವಿರತಿ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆ ಹೇಳಿ, ಅವುಗಳಲ್ಲಿ ಪ್ರಮಾದಚರ್ಯೆಯನ್ನು ಸೇರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡಮರ ಕಡಿಯುವುದು ಇವೆಲ್ಲ ಅದರೊಳಗೆ ಬರುತ್ತವೆ. ನೀರು ಪೋಲು ಮಾಡುವುದೂ ಮರ ಕಡಿಯುವುದೂ ಒಂದೇ ಸಾಲಿನಲ್ಲಿವೆ ಎಂಬುದನ್ನು ಗಮನಿಸಬೇಕು. ಒಗೆಯುವ ನೀರನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಕಾಗದಕ್ಕಾಗಿ ಉರುಳಿದ ಮರವನ್ನೂ ಅದನ್ನು ತಿಳಿ ಮಾಡಿ ಬಿಳುಪಾಗಿಸಲು ಕಾರ್ಖಾನೆ ಬಳಸಿದ ನೀರನ್ನೂ ಬಿಟ್ಟರೆ ಖಾತೆಯ ಒಂದೇ ಪುಟ ಓದಿದಂತಾಗುತ್ತದೆ.

ಕಾಗದದ ಖಾತೆ

ಕರ್ನಾಟಕದಲ್ಲಿ ಕಾಗದದ ಕಥೆ ಹೊಸದಲ್ಲ. ಭದ್ರಾವತಿ, ದಾಂಡೇಲಿಯ ಕಾರ್ಖಾನೆಗಳಿಗಾಗಿ ಮೊದಲು ಬಿದಿರು, ಆಮೇಲೆ ನೀಲಗಿರಿ ಕಡಿಯಲಾಯಿತು. 1984ರಲ್ಲಿ ಸರಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟವು. ಅದು ದನಕರು ಮೇಯುವ, ಸೌದೆ ಸಿಗುವ ನೆಲ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಉಪಯೋಗಕ್ಕೆ ಬರುವ ಸಸಿ ನೆಟ್ಟ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಇದರ ವಿರುದ್ಧವೇ. ಕೊನೆಗೆ ಕಂಪನಿ ಮುಚ್ಚಿತು. ನೀಲಗಿರಿ ಅಂತರ್ಜಲ ಹೀರುತ್ತದೆಂದು ರಾಜ್ಯ ಸರಕಾರ 2017ರಲ್ಲಿ ಹೊಸದಾಗಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಒಮ್ಮೆ ತುಟಿ ಒರೆಸಿ ಎಸೆಯುವ ವಸ್ತುವಿನ ಹಿಂದೆ ಇಷ್ಟು ನೆಲ, ಇಷ್ಟು ನೀರು ಇದೆ. ಎಂಜಲು, ಎಣ್ಣೆ ಅಂಟಿದ ಟಿಶ್ಯೂ ರದ್ದಿಗೂ ಹೋಗುವುದಿಲ್ಲ.

ಕಾಗದದ ಲೋಟದ ಒಳಮೈಗೆ ತೆಳು ಪ್ಲಾಸ್ಟಿಕ್ ಹಚ್ಚಿರುತ್ತಾರೆ. ಖರಗ್‌ಪುರ ಐಐಟಿಯವರು ಇಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿನೀರನ್ನು 15 ನಿಮಿಷ ಇಟ್ಟು ನೋಡಿದಾಗ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಟ್ಟಿದ್ದವು. ಇದಕ್ಕೆ ಬಟ್ಟೆ ಪರಿಹಾರವಲ್ಲ, ಸ್ಟೀಲ್ ಲೋಟವೇ ಸರಿ.

ಬಟ್ಟೆಯ ಖಾತೆ

ಐದು ಜನರ ಮನೆಯಲ್ಲಿ ಎರಡು ಹೊತ್ತಿನ ಊಟಕ್ಕೆ ತಲಾ ಎರಡರಂತೆ ದಿನಕ್ಕೆ 20 ಹಾಳೆ ಟಿಶ್ಯೂ ಹೋಗುತ್ತದೆ ಎಂದುಕೊಳ್ಳಿ. ನೂರು ಹಾಳೆಯ ಡಬ್ಬಿ ಐದು ದಿನಕ್ಕೆ ಖಾಲಿ, ವರ್ಷಕ್ಕೆ 73 ಡಬ್ಬಿ. ಬಟ್ಟೆಯಾದರೆ ಒಬ್ಬರಿಗೆ ದಿನಕ್ಕೊಂದು ಸಾಕು. ಒಂದಡಿ ಚೌಕದ ಐದು ತುಂಡು ಸೇರಿದರೂ ನಾಲ್ಕು ಮೊಳದ ಪಂಚೆಯ ಕಾಲು ಭಾಗದಷ್ಟೇ. ಮನೆಯ ಬಟ್ಟೆಯ ಜೊತೆಗೇ ಒಗೆದರೆ ಹೆಚ್ಚುವರಿ ನೀರು ಕೆಲವು ಚೊಂಬು. ಆಕ್ಷೇಪಕ್ಕೆ ಉತ್ತರ ಈ ಅಂಕಿಯಲ್ಲೇ ಇದೆ. ಆದರೆ ಇದನ್ನೇ ದಿನಾ ವಾಷಿಂಗ್ ಮೆಷಿನ್‌ಗೆ ಬೇರೆಯಾಗಿ ಹಾಕಿದರೆ ಲೆಕ್ಕ ತಲೆಕೆಳಗಾಗುತ್ತದೆ.

36 ಅಂಗುಲ ಅಗಲದ ಬಟ್ಟೆ ಒಂದು ಮೀಟರ್ ತಂದರೆ ಒಂಬತ್ತು ತುಂಡು ಬರುತ್ತವೆ. ಕತ್ತರಿಸುವ ಮೊದಲು ಒಮ್ಮೆ ನೆನೆಸಿ ಒಣಗಿಸಬೇಕು; ಕೋರಾ ಬಟ್ಟೆ ಕುಗ್ಗುತ್ತದೆ, ಗಂಜಿ ಹೋಗುವವರೆಗೆ ನೀರನ್ನೂ ಹೀರುವುದಿಲ್ಲ. ಅಂಚು ಮಡಚಿ ಹತ್ತಿ ದಾರದಲ್ಲೇ ಹೊಲಿಸಿ. ಪ್ರತಿಯೊಬ್ಬರದಕ್ಕೂ ಬೇರೆ ಬಣ್ಣದ ಒಂದೆಳೆ ಹಾಕಿದರೆ ಯಾರದು ಯಾವುದೆಂಬ ಗೊಂದಲವಿಲ್ಲ. ಅಷ್ಟಮಿ, ಚತುರ್ದಶಿಯಂದು ಬಟ್ಟೆ ಒಗೆಯದ ಮನೆಗಳಿವೆ. ಹಾಗಾಗಿ ಮೂರು ದಿನಕ್ಕಾಗುವಷ್ಟು, ಅಂದರೆ 15, ಮೇಲೆ ಅತಿಥಿಗಳಿಗೆ ಐದು ಇರಲಿ. ಹಳೆಯ ಹತ್ತಿ ಸೀರೆ, ಪಂಚೆ ಇದ್ದರೆ ಹೊಸದು ಕೊಳ್ಳುವ ಮಾತೇ ಬೇಡ. ಹತ್ತಾರು ಸಲ ಒಗೆದ ಬಟ್ಟೆಯಷ್ಟು ಚೆನ್ನಾಗಿ ಹೊಸದು ಒರೆಸುವುದೂ ಇಲ್ಲ.

ಯಾವ ಬಟ್ಟೆ ಎಂಬುದೂ ಮುಖ್ಯ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ನೇಕಾರರ ಕೈಚಳಕ ದೊಡ್ಡದು. ಆದರೂ ಗೂಡಿನೊಳಗಿನ ಹುಳುವನ್ನು ಕೊಂದೇ ನೂಲು ತೆಗೆಯುವುದರಿಂದ ಹಲವು ಜೈನ ಕುಟುಂಬಗಳು ರೇಷ್ಮೆ ಬಿಟ್ಟಿವೆ. ಕಾವಲಿನ ಕುರಿಗಳ ಉಣ್ಣೆಯಿಂದ ಚಳ್ಳಕೆರೆ ಸೀಮೆಯಲ್ಲಿ ನೇಯುವ ಕಂಬಳಿಯ ವಿಷಯ ಬೇರೆ: ಉಣ್ಣೆ ಕತ್ತರಿಸಲು ಕುರಿಯನ್ನು ಕೊಲ್ಲಬೇಕಿಲ್ಲ, ಶ್ವೇತಾಂಬರ ಸಾಧುಗಳ ಓಘಾ ಕೂಡ ಉಣ್ಣೆಯದೇ. ಕುರಿ ಸಾಕಣೆ ಮಾಂಸದ ವ್ಯಾಪಾರಕ್ಕೂ ಸೇರಿಕೊಂಡಿದೆ ಎಂಬುದನ್ನು ಮರೆಯುವಂತಿಲ್ಲ, ಅದು ಅವರವರ ವಿವೇಕ. ಒರೆಸಲಂತೂ ಇವೆರಡೂ ಬಾರವು. ರೇಯಾನ್ ಹತ್ತಿಯಂತೆ ಕಂಡರೂ ಮರದ ತಿರುಳಿನದು. ಹರಿಹರದ ನೀಲಗಿರಿ ಹೋಗುತ್ತಿದ್ದುದೇ ಆ ನಾರಿಗೆ. ಕಾಗದ ಬಿಟ್ಟು ರೇಯಾನ್ ತಂದರೆ ಏನು ಬಿಟ್ಟಂತಾಯಿತು? ಹತ್ತಿಯೇ ಸರಿ. ಖಾದಿ ಭಂಡಾರದ ಬಟ್ಟೆ, ಹೆಗ್ಗೋಡಿನ ಚರಕ ಸಂಸ್ಥೆಯಂಥವರ ಕೈಮಗ್ಗದ ಬಟ್ಟೆ ಇದಕ್ಕೆ ಚೆನ್ನ.

ಒಗೆಯುವ ಕ್ರಮ

ಜೈನ ಮನೆಗೆ ಈ ಶಿಸ್ತು ಹೊಸದಾಗಿ ಕಲಿಸಬೇಕಾದ್ದಲ್ಲ. ನೀರು ಸೋಸುವ ಬಟ್ಟೆಯನ್ನು ನೆನಪಿಸಿಕೊಂಡರೆ ಸಾಕು. 36 ಅಂಗುಲ ಉದ್ದ, 24 ಅಂಗುಲ ಅಗಲ, ಎರಡು ಪದರ, ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ತಂದ ಮೂಲಕ್ಕೇ ಜೋಪಾನವಾಗಿ ಬಿಡುವುದು, ಆಮೇಲೆ ಒಣಗಿಸುವುದು. ಅಜ್ಜಿಯರು ಸೋಸುಬಟ್ಟೆಗೆ ತೋರಿದ ಕಾಳಜಿಯ ಅರ್ಧದಷ್ಟು ಕೈವಸ್ತ್ರಕ್ಕೂ ಮಸಿಬಟ್ಟೆಗೂ ತೋರಿದರೆ ಕೆಲಸವಾಯಿತು.

ನೆನೆಸುವ ಮೊದಲು ಬಟ್ಟೆಯನ್ನು ಕೊಡವಿ ನೋಡಬೇಕು, ಇರುವೆ ಸೇರಿರಬಹುದು. ಸೋಸಿದ ನೀರಿನಲ್ಲೇ ಒಗೆಯಬೇಕು. ಸಾಬೂನಿನಲ್ಲಿ ಪ್ರಾಣಿಯ ಕೊಬ್ಬು ಇರುವ ಸಂಶಯವಿದ್ದರೆ ಅಂಟುವಾಳ ಕಾಯಿ ಇದೆ, ಎಣ್ಣೆ ಜಿಡ್ಡಿಗೆ ಸೀಗೆಪುಡಿ ಅಥವಾ ಕಡಲೆಹಿಟ್ಟು ತಿಕ್ಕಬಹುದು. (ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯವರಿಗೆ ಜಿಡ್ಡಿನ ಪಾಠ ಬೇಕಿಲ್ಲ.) ಪೂರಿ, ಹಪ್ಪಳದ ಎಣ್ಣೆ ಇಳಿಸಲು ಟಿಶ್ಯೂ ಹಾಸುವ ಬದಲು ತೂತಿನ ತಟ್ಟೆ ಬಳಸಿದರೆ ಜಿಡ್ಡಿನ ಬಟ್ಟೆಯೇ ಹುಟ್ಟುವುದಿಲ್ಲ. ಕಡೆಯ ನೀರನ್ನು ನೆಲ ಒರೆಸಲು ಇಟ್ಟುಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಒಣಗಿಸುವುದು. ಎಂಜಲು, ಕಫ ಅಂಟಿದ ಬಟ್ಟೆ ಒದ್ದೆಯಾಗಿಯೇ ಬಿದ್ದಿದ್ದರೆ ಎರಡು ಘಳಿಗೆಯೊಳಗೆ, ಎಂದರೆ 48 ನಿಮಿಷದಲ್ಲಿ, ಸಮ್ಮೂರ್ಛನ ಜೀವಗಳು ಹುಟ್ಟುತ್ತವೆ ಎಂದು ಆಗಮ ಹೇಳುತ್ತದೆ. ಮಸಿಬಟ್ಟೆಯನ್ನು ಸಿಂಕಿನ ಬಳಿ ಮುದ್ದೆಯಾಗಿ ಬಿಟ್ಟು ಮಲಗುವ ಮನೆಯಲ್ಲಿ ಬಟ್ಟೆ ಬಳಸಿ ಬಂದ ಲಾಭವೆಲ್ಲ ಹೋಯಿತು. ಬಳಸಿದ ಕೂಡಲೇ ಹಿಂಡಿ ಹರಡಬೇಕು, ಹೊತ್ತು ಮುಳುಗುವ ಮುನ್ನ ಒಗೆದು ಮುಗಿಸಬೇಕು. ಚಳ್ಳಕೆರೆಯ ಬಯಲುಗಾಳಿಗೆ ತೆಳು ಬಟ್ಟೆ ಬೇಗ ಒಣಗುತ್ತದೆ. ಕಾರ್ಕಳ, ಮೂಡುಬಿದಿರೆ, ಹೊಂಬುಜದ ಕಡೆಯವರಿಗೆ ಮಳೆಗಾಲದಲ್ಲಿ ಇದು ನಿಜವಾದ ಕಷ್ಟ. ಅವರು ದಪ್ಪ ಟವೆಲ್ ಬಿಟ್ಟು ತೆಳು ಮಲ್ ಬಟ್ಟೆಯನ್ನು ಇಮ್ಮಡಿ ಸಂಖ್ಯೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಕಾಯಿಲೆಯವರಿರುವ ಮನೆಯಲ್ಲಿ, ರಕ್ತ ಅಥವಾ ವಾಂತಿ ಒರೆಸುವಾಗ ಕಾಗದ ಬಳಸಿದರೆ ತಪ್ಪೇನಿಲ್ಲ. ಅಲ್ಲಿ ಪ್ರಯೋಜನವಿದೆ, ಅನರ್ಥವಿಲ್ಲ. ಶೀತಕ್ಕೆ ಮಾತ್ರ ಹಳೆಯ ಪಂಚೆಯ ಸಣ್ಣ ತುಂಡುಗಳೇ ಮೂಗಿಗೆ ಹಿತ, ಅವನ್ನು ಬೇರೆಯಾಗಿ ಒಗೆದು ಬಿಸಿಲಿಗೆ ಹಾಕಬೇಕು. ಶೌಚದ ಕಾಗದದ ಪ್ರಶ್ನೆ ವಿದೇಶದಲ್ಲಿರುವ ಮಕ್ಕಳದು, ಊರಿನ ಮನೆಗಳಲ್ಲಿ ಚೊಂಬು ಇನ್ನೂ ಇದೆ.

ಹರಿದ ಕೈವಸ್ತ್ರ ಮಸಿಬಟ್ಟೆಯಾಗುತ್ತದೆ, ಮಸಿಬಟ್ಟೆ ನೆಲ ಒರೆಸುವ ಬಟ್ಟೆಯಾಗುತ್ತದೆ. ಅದೂ ಚಿಂದಿಯಾದಾಗ ಗಿಡದ ಬುಡದ ಮಣ್ಣಿಗೆ ಹಾಕಬಹುದು. ಹತ್ತಿ ದಾರದಲ್ಲಿ ಹೊಲಿದಿದ್ದರೆ ಪೂರ್ತಿ ಕರಗುತ್ತದೆ, ಪಾಲಿಯೆಸ್ಟರ್ ದಾರವಾದರೆ ಅಂಚಿನ ಹೊಲಿಗೆ ಹಾಗೆಯೇ ಉಳಿಯುತ್ತದೆ, ಮೊದಲೇ ಬಿಚ್ಚಿ ತೆಗೆಯಬೇಕು.